ಕೊಂಡ ಸಿನಿಮಾ ಲ್ಯಾಪ್‌ಟಾಪಿನಲ್ಲಿ ಬರುತ್ತೆ, ಟಿವಿಗೆ ಹಾಕಿದ್ರೆ ಕಪ್ಪು ಪರದೆ

ನಾಪೋಕ್ಲಿನಿಂದ ಪ್ರಶ್ನೆ:

ನಮ್ಮದು ತೋಟದ ಮನೆ. ನೆಟ್‌ವರ್ಕ್ ಬೇಕಂದ್ರೆ ಕಾಫಿ ಕಣದ ಮೂಲೆಗೆ ಹೋಗಿ ನಿಲ್ಲಬೇಕು. ಅದಕ್ಕೇ ಮಗಳು ಮೈಸೂರಿನಲ್ಲೇ ದುಡ್ಡು ಕೊಟ್ಟು ಒಂದು ಸಿನಿಮಾ ಕೊಂಡು, ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಬಂದಳು. ಅತ್ತೆಗೆ ದೊಡ್ಡ ಪರದೆಯಲ್ಲಿ ತೋರಿಸೋಣ ಅಂತ. ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಲ್ಯಾಪ್‌ಟಾಪಿನ ಪರದೆ ಟಿವಿಯಲ್ಲಿ ಕಾಣುತ್ತೆ. ನಮ್ಮ ಮದುವೆ ವಿಡಿಯೊ ಚೆನ್ನಾಗಿ ಬರುತ್ತೆ. ಸಿನಿಮಾ ಹಾಕಿದ ಕೂಡಲೇ ಕಪ್ಪಾಗಿ, ಎಚ್‌ಡಿಸಿಪಿ ಅಂತ ಏನೋ ಎರರ್ ತೋರಿಸುತ್ತೆ. ಮಧ್ಯೆ ಒಂದು ಸ್ಪ್ಲಿಟರ್ ಇದೆ. ಹಾಲ್‌ಗೂ ಅತ್ತೆಯ ರೂಮಿಗೂ ಒಂದೇ ಸೆಟ್‌ಟಾಪ್ ಬಾಕ್ಸ್ ಸಾಕು ಅಂತ ಹಾಕಿಸಿದ್ದು. ಟಿವಿಗೆ ಹತ್ತು ವರ್ಷ ಆಯ್ತು. ಪೇಟೆಯ ಅಂಗಡಿಯವರು "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದರು. ಯಾರಿಗಾದರೂ ಹೀಗಾಗಿದೆಯಾ?

ವಿರಾಜಪೇಟೆಯಿಂದ:

ಅಕ್ಕ, ಟಿವಿ ಬದಲಿಸುವ ಮಾತು ಆಮೇಲೆ. ಮದುವೆ ವಿಡಿಯೊ ಬರುತ್ತೆ ಅಂದ್ರಲ್ಲ, ಬೋರ್ಡ್ ಹೋಗಿದ್ದರೆ ಅದೂ ಬರ್ತಿರಲಿಲ್ಲ. ಮದುವೆ ವಿಡಿಯೊಗೆ ಬೀಗ ಇಲ್ಲ, ಕೊಂಡ ಸಿನಿಮಾಗೆ ಇದೆ. ಅಷ್ಟೇ ವ್ಯತ್ಯಾಸ.

ಸಿನಿಮಾ ಶುರುವಾಗುವ ಮುಂಚೆ ಲ್ಯಾಪ್‌ಟಾಪ್ ಕೇಬಲ್‌ನ ಆ ಕಡೆ ಇರುವವರನ್ನು ಕೇಳುತ್ತೆ, ನಿನ್ನ ಹತ್ತಿರ ಕೀಲಿ ಇದೆಯಾ ಅಂತ. ಟಿವಿಯೊಳಗೆ ತಯಾರಾಗುವಾಗಲೇ ಹಾಕಿದ ಗುಟ್ಟಿನ ಕೀಲಿ ಇರುತ್ತೆ. ಎರಡೂ ಕಡೆ ಲೆಕ್ಕ ತಾಳೆಯಾದರೆ ಮಾತ್ರ ಚಿತ್ರ ಹೊರಡುತ್ತೆ, ಅದೂ ಕಲಸಿಟ್ಟ ರೂಪದಲ್ಲಿ. ಟಿವಿ ಅದನ್ನು ಬಿಡಿಸಿ ತೋರಿಸುತ್ತೆ. ದಾರಿ ಮಧ್ಯೆ ಯಾರೂ ಕಾಪಿ ಮಾಡಿಕೊಳ್ಳಬಾರದು ಅಂತ ಇಂಟೆಲ್ ಕಂಪನಿ ಮಾಡಿದ ಏರ್ಪಾಡು ಇದು. ಇದಕ್ಕೇ ಎಚ್‌ಡಿಸಿಪಿ ಅನ್ನೋದು. ನಡುವೆ ಸ್ಪ್ಲಿಟರ್ ಇದ್ದರೆ ಅದೂ ಉತ್ತರ ಕೊಡಬೇಕು. ತನ್ನ ಹಿಂದಿರುವ ಎಲ್ಲ ಪರದೆಗಳ ಲೆಕ್ಕವನ್ನೂ ಒಪ್ಪಿಸಬೇಕು. ಒಂದು ಪರದೆ ಉತ್ತರ ಕೊಡದಿದ್ದರೂ ಸಾಕು, ಎಲ್ಲ ಕಡೆ ಕಪ್ಪಾಗಬಹುದು.

ನಮ್ಮಲ್ಲೂ ಆಗಿತ್ತು. ಕೈಲ್ ಮುಹೂರ್ತದ ದಿನ. ಹೊರಗೆ ಜಡಿ ಮಳೆ, ಒಳಗೆ ಹದಿನಾಲ್ಕು ಜನ, ಒಲೆ ಮೇಲೆ ಪಂದಿಕರಿ. ಹೊಸ ಸಿನಿಮಾ ಕೊಂಡಿದ್ದೇನೆ ಅಂತ ಜಂಬದಿಂದ ಹಾಕಿದೆ. ಕಪ್ಪು. ನಾಲ್ಕು ಕೇಬಲ್ ಬದಲಿಸಿದೆ, ಮಾವ ಹಿಂದಿನಿಂದ "ಡಿವಿಡಿ ಕಾಲವೇ ವಾಸಿ" ಅಂತ ಶುರು ಮಾಡಿದರು. ಕೊನೆಗೆ ನೋಡಿದರೆ ನಡುವೆ ಇದ್ದ ಹಳೆ ಹೋಮ್ ಥಿಯೇಟರ್ ಬಾಕ್ಸು! ಅದನ್ನು ಬಿಟ್ಟು ನೇರ ಟಿವಿಗೆ ಚುಚ್ಚಿದೆ, ಬಂತು.

ಹಾಗಾಗಿ ಮೊದಲು ಸ್ಪ್ಲಿಟರ್ ಬಿಚ್ಚಿಡಿ. ಟಿವಿ, ಲ್ಯಾಪ್‌ಟಾಪ್ ಎರಡೂ ಆಫ್ ಮಾಡಿ. ರಿಮೋಟಿನಲ್ಲಿ ಅಲ್ಲ, ಟಿವಿಯನ್ನು ಗೋಡೆಯ ಸ್ವಿಚ್ಚಿನಲ್ಲೇ. ಎರಡು ನಿಮಿಷ ಬಿಟ್ಟು ನೇರ ಕೇಬಲ್ ಹಾಕಿ ಮೊದಲು ಟಿವಿ ಆನ್ ಮಾಡಿ, ಆಮೇಲೆ ಲ್ಯಾಪ್‌ಟಾಪ್. ಬರದಿದ್ದರೆ ಇನ್ನೊಂದು ಎಚ್‌ಡಿಎಂಐ ತೂತಿಗೆ ಹಾಕಿ ನೋಡಿ.

ಇನ್ನೊಂದು. ಆ್ಯಪ್‌ನಲ್ಲಿ 4ಕೆ ಅಂತ ಇದ್ದರೆ ಎಚ್‌ಡಿಗೆ ಇಳಿಸಿ. ಎಚ್‌ಡಿಗೆ ಸಾಮಾನ್ಯವಾಗಿ ಎಚ್‌ಡಿಸಿಪಿ 1.4 ಸಾಕು, 4ಕೆಗೆ 2.2 ಕೇಳುತ್ತೆ. ಎಚ್‌ಡಿಎಂಐಗೆ ಈ 2.2 ಬಂದಿದ್ದೇ 2013ರಲ್ಲಿ. ಆ ಕಾಲದ 4ಕೆ ಟಿವಿಗಳಲ್ಲೂ ಕೆಲವಕ್ಕೆ ಒಂದೇ ತೂತಿನಲ್ಲಿ 2.2 ಇರುತ್ತೆ, ಪಕ್ಕದಲ್ಲಿ ಸಣ್ಣದಾಗಿ ಬರೆದಿರುತ್ತಾರೆ, ಟಾರ್ಚ್ ಹಾಕಿ ನೋಡಬೇಕು. ಎಚ್‌ಡಿಎಂಐಗೂ 1.4, 2.0 ಅಂತ ನಂಬರ್ ಇದೆ. ಅದೇ ಬೇರೆ, ಇದೇ ಬೇರೆ. ಅಂಗಡಿಯಲ್ಲಿ ಎರಡನ್ನೂ ಕಲಸಿ ದುಬಾರಿ ಕೇಬಲ್ ಮಾರುತ್ತಾರೆ. ಕೇಬಲ್‌ನಲ್ಲಿ ಕೀಲಿ ಇರಲ್ಲ ಅಕ್ಕ.

ಸೋಮವಾರಪೇಟೆಯಿಂದ:

ವಿರಾಜಪೇಟೆಯವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಕೇಬಲ್‌ನಲ್ಲಿ ಕೀಲಿ ಇರಲ್ಲ, ನಿಜ. ಆದರೆ ಕೀಲಿಯ ಮಾತುಕತೆ ಹೋಗುವುದು ಅದೇ ಕೇಬಲ್‌ನಲ್ಲಿ. ಎಚ್‌ಡಿಎಂಐನಲ್ಲಿ 19 ಪಿನ್ ಇವೆ. ಚಿತ್ರ ಹೋಗುವ ತಂತಿಗಳೇ ಬೇರೆ, ಈ ಮಾತುಕತೆಯ ತಂತಿಗಳೇ ಬೇರೆ. 15, 16ನೇ ಪಿನ್ ಕೆಟ್ಟರೆ ಚಿತ್ರ ಬಂದರೂ ಮಾತುಕತೆ ನಿಂತುಹೋಗುತ್ತೆ. ಆಗ ಮದುವೆ ವಿಡಿಯೊ ಬರಬಹುದು, ಸಿನಿಮಾ ಬರಲ್ಲ.

ನಮ್ಮ ಮನೆಯಲ್ಲಿ ಹೀಗೇ ಆಗಿದ್ದು. ಏಪ್ರಿಲ್‌ನಲ್ಲಿ ಹೂಮಳೆ ಬಂತು ಅಂತ ಎಲ್ಲರಿಗೂ ಖುಷಿ. ಜೊತೆಗೆ ಬಂದ ಸಿಡಿಲು ಡಿಶ್ ಕೇಬಲ್ ಹಿಡಿದುಕೊಂಡು ಒಳಗೆ ಬಂತು. ಸೆಟ್‌ಟಾಪ್ ಬಾಕ್ಸ್ ಸುಟ್ಟಿತು, ಟಿವಿ ಉಳಿಯಿತು ಅಂದುಕೊಂಡೆವು. ಒಂದನೇ ತೂತಿನಲ್ಲಿ ಬೀಗ ಇಲ್ಲದ್ದು ಮಾತ್ರ ಬರ್ತಿತ್ತು, ಎರಡನೆಯದರಲ್ಲಿ ಎಲ್ಲವೂ. ರಿಪೇರಿ ಹುಡುಗ ಬಂದು ತೋರಿಸಿದ ಮೇಲೆ ಗೊತ್ತಾಯಿತು. ನಿಮ್ಮ ಅಂಗಡಿಯವರು ಪೂರ್ತಿ ಸುಳ್ಳು ಹೇಳಿಲ್ಲದೆಯೂ ಇರಬಹುದು. ಆದರೂ ಬೇರೆ ತೂತು ನೋಡದೆ ಹೊಸ ಟಿವಿ ಅನ್ನೋದು ಅನ್ಯಾಯ ಅಲ್ವಾ. ಮೋಡ ಕಟ್ಟಿದರೆ ಪ್ಲಗ್ ಜೊತೆ ಡಿಶ್ ಕೇಬಲ್ಲನ್ನೂ ಕೀಳಿ.

ಸುಂಟಿಕೊಪ್ಪದಿಂದ:

ಅತ್ತೆಯ ರೂಮಿನಲ್ಲಿರುವುದು ಎಂಥ ಟಿವಿ? ವಿಜಿಎ (ಹಳೆ ಪರದೆಗಳ ಕನೆಕ್ಷನ್) ಕನ್ವರ್ಟರ್ ಏನಾದರೂ ಇದೆಯಾ? ನಾನು ಹಳೆ ಪ್ರೊಜೆಕ್ಟರ್‌ಗೆ ಎಚ್‌ಡಿಎಂಐನಿಂದ ವಿಜಿಎ ಮಾಡುವ ಸಣ್ಣ ಕನ್ವರ್ಟರ್ ಹಾಕಿ ಒದ್ದಾಡಿದ್ದೆ. ವಿಜಿಎ ಹಳೆ ಕಾಲದ್ದು, ಅದರಲ್ಲಿ ಈ ಕೀಲಿ ವ್ಯವಸ್ಥೆಯೇ ಇಲ್ಲ. 2008ರಲ್ಲಿ ಹೊಸ ಮ್ಯಾಕ್‌ಬುಕ್ ಕೊಂಡವರಿಗೂ ಇದೇ ಗೋಳು. ಐಟ್ಯೂನ್ಸ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಸಿನಿಮಾ ಹಳೆ ಮಾನಿಟರ್‌ನಲ್ಲಿ ಓಡಲಿಲ್ಲ ಅಂತ ದೊಡ್ಡ ಗಲಾಟೆ ಆಗಿತ್ತು. ಕದ್ದು ಇಳಿಸಿಕೊಂಡವರಿಗೆ ಯಾವ ಎರರೂ ಇಲ್ಲ, ಕಾಸು ಕೊಟ್ಟವರಿಗೆ ಕಪ್ಪು ಪರದೆ. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಬೀಗ ತೆಗೆಯುವ ಬಾಕ್ಸ್ ಆನ್‌ಲೈನ್‌ನಲ್ಲಿ ಸಿಗುತ್ತೆ ಅಂತ ಯಾರಾದರೂ ಹೇಳಬಹುದು. ಆ ತಂಟೆಗೆ ಹೋಗಬೇಡಿ. 2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೆ 65ಎ ಅಂತ ಸೇರಿಸಿದ್ದಾರೆ. ಹಕ್ಕು ಮೀರುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು. ನೀವು ಕದಿಯೋರಲ್ಲ, ಗೊತ್ತು. ಆದರೂ ಒಂದು ವೈರ್ ಕಿತ್ತರೆ ಸರಿಹೋಗುವುದಕ್ಕೆ ಅದೆಲ್ಲ ಯಾಕೆ?

ಕುಶಾಲನಗರದಿಂದ:

ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಟಿವಿಗೆ ಹಾಕುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಆ್ಯಪ್ ಒಳಗೆ ಇಳಿಸಿದ್ದು ಆ ಆ್ಯಪ್‌ನಲ್ಲೇ ತೆರೆಯಬೇಕು, ಬೇರೆ ಕಡೆ ಹಾಕಿದರೆ ಸುಮ್ನೆ ಜಾಗ ತಿನ್ನುತ್ತೆ. ನಾನು ಒಂದು ಮಧ್ಯಾಹ್ನ ಇದರಲ್ಲೇ ಕಳೆದೆ. ಮಗಳು ಬಾಡಿಗೆಗೆ ತಗೊಂಡಿದ್ದಾ, ಕೊಂಡಿದ್ದಾ ಅಂತಲೂ ಕೇಳಿ ನೋಡಿ. ಬಾಡಿಗೆಯದಾದರೆ ಒಮ್ಮೆ ಶುರು ಮಾಡಿದ ಮೇಲೆ ಸಾಮಾನ್ಯವಾಗಿ 48 ಗಂಟೆ ಅಷ್ಟೇ. ಕರೆಂಟ್ ಹೋಗಿ ಬಂದು ಟಿವಿಯಲ್ಲಿ ತಾರೀಖು ಹಿಂದಕ್ಕೆ ಓಡಿದ್ದರೂ ಟಿವಿಯ ಆ್ಯಪ್‌ಗಳು ಎರರ್ ಕೊಡುತ್ತವೆ. ಆದರೆ ನಿಮ್ಮದು ಅದಲ್ಲ ಅನ್ಸುತ್ತೆ.

ನಾಪೋಕ್ಲಿನಿಂದ ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಸುಂಟಿಕೊಪ್ಪದವರು ಕೇಳಿದ್ದೇ ಕೇಳಿದ್ದು, ನನಗೆ ನಗು ಬಂತು. ಅತ್ತೆಯ ರೂಮಿನಲ್ಲಿರುವುದು ಟಿವಿಯೇ ಅಲ್ಲ. ನಮ್ಮವರ ಹಳೆ ಕಂಪ್ಯೂಟರಿನ ಮಾನಿಟರ್. ಅದಕ್ಕೆ ಸ್ಪೀಕರ್ ಕೂಡ ಇಲ್ಲ, ಧ್ವನಿ ಹಾಲ್‌ನಿಂದ ಕೇಳಿಸುತ್ತೆ ಅಂತ ಬಾಗಿಲು ತೆರೆದಿಡ್ತಾರೆ. ಹಿಂದೆ ಕೈ ಹಾಕಿ ನೋಡಿದರೆ ಬೆರಳುದ್ದದ ಬಿಳಿ ಕನ್ವರ್ಟರ್, ಮೇಲೆ ಜೇಡರ ಬಲೆ.

ಸ್ಪ್ಲಿಟರ್ ಬಿಚ್ಚಲಿಲ್ಲ. ಆ ಮಾನಿಟರಿನ ವೈರ್ ಮಾತ್ರ ಕಿತ್ತು, ವಿರಾಜಪೇಟೆಯವರು ಹೇಳಿದ ಹಾಗೆ ಟಿವಿ ಮೊದಲು, ಲ್ಯಾಪ್‌ಟಾಪ್ ಆಮೇಲೆ ಆನ್ ಮಾಡಿದೆ. ಸಿನಿಮಾ ಬಂತು! ವೈರ್ ವಾಪಸ್ ಹಾಕಿದೆ, ಕಪ್ಪು. ಮತ್ತೆ ಕಿತ್ತೆ, ಬಂತು. ಮೂರು ಸಲ ಮಾಡಿ ನೋಡಿದೆ, ಮಗಳು ಸಾಕು ಅಮ್ಮ ಅಂದಳು. ಸೆಟ್‌ಟಾಪ್ ಬಾಕ್ಸ್ ಚಾನೆಲ್‌ಗಳು ಮಾತ್ರ ಎರಡೂ ಕಡೆ ಬರುತ್ತವೆ, ನಮ್ಮ ಬಾಕ್ಸ್ ಕೀಲಿ ಕೇಳಲ್ಲ ಅಂತ ಕಾಣುತ್ತೆ.

ಅತ್ತೆ ಹಾಲ್‌ನಲ್ಲಿ ಕಂಬಳಿ ಹೊದ್ದು ಅರ್ಧ ಸಿನಿಮಾ ನೋಡಿದರು. ಏಳು ಗಂಟೆಯಾಗುತ್ತಲೇ ಎದ್ದು, "ಸೀರಿಯಲ್ ಶುರುವಾಗುತ್ತೆ, ನನ್ನ ವೈರ್ ಎಲ್ಲಿಟ್ಟೆ?" ಅಂದರು.