‘ಎಂಪೈರ್ ಸ್ಟೇಟ್ ಆಫ್ ಮೈಂಡ್’ ಬರೆದವರು ನಿಜವಾಗಿ ಯಾರು?

ತುಂಗಾತೀರ:

ಮನೆಯಲ್ಲಿ ಎರಡು ದಿನದಿಂದ ಒಂದು ಜಗಳ ನಡೆದಿದೆ. ಬಲ್ಲವರು ತೀರ್ಮಾನ ಹೇಳಿದರೆ ರಾತ್ರಿ ಊಟವಾದರೂ ನೆಮ್ಮದಿಯಿಂದ ಆದೀತು. ಮಗಳು ಕಾಲೇಜಿನ ವಾರ್ಷಿಕೋತ್ಸವಕ್ಕೆಂದು ಅಮೆರಿಕದ ಜೇ-ಝೀ ಮತ್ತು ಅಲಿಷಿಯಾ ಕೀಸ್ ನ್ಯೂಯಾರ್ಕ್ ನಗರದ ಮೇಲೆ ಹಾಡಿದ ‘ಎಂಪೈರ್ ಸ್ಟೇಟ್ ಆಫ್ ಮೈಂಡ್’ ಅಭ್ಯಾಸ ಮಾಡುತ್ತಿದ್ದಾಳೆ. ಕೀಸ್ ಹಾಡುವ ಭಾಗ ಅವಳದು, ತಾಳಕ್ಕೆ ತಕ್ಕಂತೆ ಮಾತು ಹೇಳುವ ರ‍್ಯಾಪ್ ಅವಳ ಸಹಪಾಠಿಯದು. ರ‍್ಯಾಪ್ ಮಾಡುವವರು ತಮ್ಮ ಮಾತನ್ನು ತಾವೇ ಬರೆದುಕೊಳ್ಳುತ್ತಾರೆ, ಆದ್ದರಿಂದ ಹಾಡು ಪೂರ್ತಿ ಜೇ-ಝೀ ಬರೆದದ್ದು ಎಂದು ಅವಳ ವಾದ. ನಾನು ಹಾಡಿನ ವಿವರ ತೆಗೆದು ರಚನಕಾರರನ್ನು ಎಣಿಸಿದರೆ ಏಳು ಹೆಸರು! ನಾಲ್ಕೂವರೆ ನಿಮಿಷದ ಹಾಡಿಗೆ ಏಳು ಜನ ಏನು ಮಾಡಿದರು? ಇನ್ನೊಂದು ಸಂಶಯ: ಯುಗಳಗೀತೆ ಎನ್ನುತ್ತಾರಲ್ಲ, ಇಬ್ಬರೂ ಒಂದೇ ಕೋಣೆಯಲ್ಲಿ ನಿಂತು ಹಾಡಿದರೇ?

ಕಪ್ಪು ಮೂರು:

ತುಂಗಾತೀರ ಅವರೇ, ಅರ್ಧ ಗೆಲುವು ಮಗಳದು. ಉಳಿದರ್ಧ ನಿಮ್ಮದೂ ಅಲ್ಲ, ಏಂಜೆಲಾ ಹಂಟ್ ಮತ್ತು ಜ್ಯಾನೆಟ್ ಸ್ಯೂಅಲ್-ಯುಲೆಪಿಕ್ ಎಂಬ ಇಬ್ಬರು ಹೆಂಗಸರದು.

ನಾನು ಇಪ್ಪತ್ತೆರಡು ವರ್ಷ ದಾವಣಗೆರೆ, ಹಾವೇರಿ ಕಡೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿದವನು. ಗಣಪತಿ ಪೆಂಡಾಲಿನಲ್ಲಿ ಯಾರೂ ಈ ಹಾಡು ಕೇಳುವುದಿಲ್ಲ, ನಿಜ. ಆದರೆ 2011ರಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಇದೇ ಬೇಕೆಂದು ಹಟ ಹಿಡಿದರು. ಮೂರು ರಾತ್ರಿ ಕೂತು ಕಲಿತೆ. ಕಲಿಯುವಾಗ ಹಾಡಿನ ಹಿಂದಿನ ಕತೆಯೂ ಗಂಟುಬಿತ್ತು.

ಹಾಡು ಹುಟ್ಟಿದ್ದು ನ್ಯೂಯಾರ್ಕಿನಲ್ಲಲ್ಲ, ಲಂಡನ್ನಿನಲ್ಲಿ. 2009ರ ಫೆಬ್ರವರಿ. ಹಂಟ್ ಮತ್ತು ಸ್ಯೂಅಲ್-ಯುಲೆಪಿಕ್ ಇಬ್ಬರೂ ನ್ಯೂಯಾರ್ಕಿನವರು. ಲಂಡನ್ನಿಗೆ ಹೋದಾಗ ಊರಿನ ನೆನಪು ಕಾಡಿತು. ಊರಿನಲ್ಲಿದ್ದಷ್ಟು ದಿನ ಅದನ್ನೇ ಬೈಯುತ್ತಿದ್ದವರು, ದೂರ ಬಂದ ಮೇಲೆ ಅದರಂಥ ಊರು ಇನ್ನೊಂದಿಲ್ಲ ಎಂದು ಒಪ್ಪಿಕೊಂಡರು. ಹೋಟೆಲಿನಿಂದ ಹೊರಬೀಳುವಷ್ಟರಲ್ಲಿ ತಮ್ಮೂರಿನ ಮೇಲೊಂದು ಹಾಡು ಬರೆಯುವುದು ನಿಶ್ಚಯವಾಗಿತ್ತಂತೆ. ವಾದ್ಯದ ಭಾಗ ಮಾಡಿದ ಅಲ್ ಶಕ್ಸ್ ಕೂಡ ಇಂಗ್ಲೆಂಡಿನವನೇ, ಅಲೆಕ್ಸಾಂಡರ್ ಶಕ್‌ಬರ್ಗ್ ಎಂದು ಪೂರ್ತಿ ಹೆಸರು. ಅಮೆರಿಕದವರು ಎದೆಯ ಮೇಲೆ ಕೈಯಿಟ್ಟು ಹಾಡುವ ಹಾಡಿನ ಪಿಯಾನೊ ಒಬ್ಬ ಇಂಗ್ಲಿಷಿನವನ ಕೈಚಳಕ ಎಂಬುದು ನನಗೆ ಇವತ್ತಿಗೂ ನಗು ತರಿಸುತ್ತದೆ.

ಹಂಟ್ ಅವರಿಗೆ ಇದು ಜೇ-ಝೀಗೆ ಸರಿಹೊಂದುವ ಹಾಡು ಎಂದು ಅನ್ನಿಸಿದ್ದಕ್ಕೆ ಕಾರಣವೂ ಇತ್ತು. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಸ್ಟೇಟ್ ಸ್ಟ್ರೀಟ್‌ನಲ್ಲಿ 560ನೇ ಸಂಖ್ಯೆಯ ಕಟ್ಟಡವೊಂದಿದೆ. ಹಂಟ್ ಬೆಳೆದದ್ದು ಅಲ್ಲೇ. ಮುಂದೆ ಜೇ-ಝೀ ವಾಸವಿದ್ದದ್ದೂ ಅಲ್ಲೇ. ಆದರೂ ಜೇ-ಝೀ ಅವರ ಸಂಸ್ಥೆ ರಾಕ್ ನೇಷನ್‌ಗೆ ಹಾಡು ಕಳಿಸಿದಾಗ ಒಳ್ಳೆಯ ಮಾತು ಬರಲಿಲ್ಲ. ಆ ಇಬ್ಬರು ಹೆಂಗಸರು ಮುದುಡಿಕೊಂಡು ಸುಮ್ಮನಾದರು. ಅದೇ ಬೇಸಿಗೆಯಲ್ಲಿ ಹಾಡುಗಳ ಹಕ್ಕು ನೋಡಿಕೊಳ್ಳುವ ಇಎಂಐ ಮ್ಯೂಸಿಕ್ ಪಬ್ಲಿಷಿಂಗ್‌ನ ಜಾನ್ ಪ್ಲಾಟ್ ಕಿವಿಗೆ ಅದು ಬಿತ್ತು. ಪ್ಲಾಟ್ ಅದನ್ನು ಜೇ-ಝೀಗೆ ಕೇಳಿಸಿದರು. ಅಂದು ರಾತ್ರಿಯೇ ಜೇ-ಝೀ ಧ್ವನಿಮುದ್ರಣಕ್ಕೆ ಕೂತರು. ಪಲ್ಲವಿಯನ್ನು ಹಾಗೆಯೇ ಉಳಿಸಿಕೊಂಡು ಚರಣಗಳನ್ನೆಲ್ಲ ತಾವೇ ಹೊಸದಾಗಿ ಕಟ್ಟಿದರು. ಮಗಳ ಅರ್ಧ ಗೆಲುವು ಎಂದದ್ದು ಇದಕ್ಕೇ. ‘ಬರೆದರು’ ಎಂಬ ಮಾತೂ ಪೂರ್ತಿ ಸರಿಯಲ್ಲ, ಏಕೆಂದರೆ ಅವರು ಕಾಗದ ಮುಟ್ಟದೆ ತಲೆಯಲ್ಲೇ ಸಾಲು ಕಟ್ಟುವುದಕ್ಕೆ ಹೆಸರಾದವರು.

ಇನ್ನು ಏಳರ ಲೆಕ್ಕ. ಜೇ-ಝೀ (ಪಟ್ಟಿಯಲ್ಲಿ ಶಾನ್ ಕಾರ್ಟರ್), ಅಲಿಷಿಯಾ ಕೀಸ್, ಆ ಇಬ್ಬರು ಹೆಂಗಸರು, ಶಕ್‌ಬರ್ಗ್, ಐದಾಯಿತು. ಉಳಿದಿಬ್ಬರು ಬರ್ಟ್ ಕೀಸ್ ಮತ್ತು ಸಿಲ್ವಿಯಾ ರಾಬಿನ್ಸನ್. ಈ ಇಬ್ಬರು ಹೊಸ ಹಾಡಿಗಾಗಿ ಒಂದು ಅಕ್ಷರವನ್ನೂ ಬರೆದವರಲ್ಲ. 1970ರಲ್ಲಿ ‘ದಿ ಮೊಮೆಂಟ್ಸ್’ ತಂಡ ಹಾಡಿ ಜನಪ್ರಿಯಗೊಳಿಸಿದ ‘ಲವ್ ಆನ್ ಎ ಟೂ-ವೇ ಸ್ಟ್ರೀಟ್’ ಅವರ ರಚನೆ. ಅದರ ಒಂದು ತುಣುಕನ್ನು ಶಕ್ಸ್ ಕತ್ತರಿಸಿಕೊಂಡು ಮತ್ತೆ ಮತ್ತೆ ಸುತ್ತುವ ಹಾಗೆ ಜೋಡಿಸಿದ. ಅದೇ ನೀವು ಆರಂಭದಿಂದ ಕೇಳುವ ಆ ತಿರುಗಣಿ. ಇದಕ್ಕೆ ಸ್ಯಾಂಪಲ್ ಎನ್ನುತ್ತಾರೆ. ತುಣುಕು ಬಳಸಿದರೆ ಮೂಲದವರ ಹೆಸರೂ ಪಾಲೂ ಸೇರಬೇಕು. ಎರಡು ‘ಕೀಸ್’ ನೋಡಿ ಅಪ್ಪ-ಮಗಳು ಎಂದುಕೊಳ್ಳಬೇಡಿ. ಅಲಿಷಿಯಾಗೆ ಅದು ವೇದಿಕೆಯ ಹೆಸರು, ಹುಟ್ಟಿನಿಂದ ಅವರು ಕುಕ್.

ಸಿಲ್ವಿಯಾ ರಾಬಿನ್ಸನ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. 1979ರಲ್ಲಿ ಗಂಡನ ಜೊತೆ ಶುಗರ್ ಹಿಲ್ ರೆಕಾರ್ಡ್ಸ್ ಕಟ್ಟಿ, ‘ರ‍್ಯಾಪರ್ಸ್ ಡಿಲೈಟ್’ ಎಂಬ ರ‍್ಯಾಪ್ ಹಾಡು ಹೊರತಂದವರು ಇವರೇ. ನ್ಯೂಯಾರ್ಕಿನ ಬ್ರಾಂಕ್ಸ್‌ನ ಪಾರ್ಟಿಗಳಲ್ಲಿ ಮೈಕು ಹಿಡಿದವರ ಬಾಯಲ್ಲಿ ಮಾತ್ರ ಇದ್ದದ್ದನ್ನು ರೇಡಿಯೋ ಕೇಳುವ ದೇಶಕ್ಕೆಲ್ಲ ಮುಟ್ಟಿಸಿದ ರೆಕಾರ್ಡು ಅದು. ಮೂವತ್ತು ವರ್ಷದ ಮೇಲೆ ರ‍್ಯಾಪ್ ಇಷ್ಟು ಎತ್ತರಕ್ಕೆ ಬಂದಾಗ, ಆಕೆಯ ಹೆಸರು ರಚನಕಾರರ ಸಾಲಿನ ಕೊನೆಯಲ್ಲಿ ಇತ್ತು, ಅದೂ ಒಂದು ಪ್ರೇಮಗೀತೆಯ ದೆಸೆಯಿಂದ.

ಒಂದೇ ಕೋಣೆಯಲ್ಲಿ ಹಾಡಿದರೇ? ಇಲ್ಲ. ಪಲ್ಲವಿಗೆ ಮೊದಲು ಗಾಯಕಿ ಮೇರಿ ಜೆ. ಬ್ಲೈಜ್ ಆಗಬಹುದೇ ಎಂಬ ಯೋಚನೆ ಜೇ-ಝೀಗೆ ಇತ್ತು. ಪಿಯಾನೊ ಕೇಳಿದ ಮೇಲೆ ಅಲಿಷಿಯಾ ಕೀಸ್ ಎಂದಾಯಿತು. ಜೇ-ಝೀ ದನಿ ಮ್ಯಾನ್‌ಹಟನ್‌ನ ರಾಕ್ ದ ಮೈಕ್ ಸ್ಟುಡಿಯೋದಲ್ಲಿ, ಕೀಸ್ ದನಿ ಲಾಂಗ್ ಐಲೆಂಡ್‌ನ ಅವರದೇ ಅವನ್ ಸ್ಟುಡಿಯೋದಲ್ಲಿ. ಮೊದಲ ಸಲ ಹಾಡಿದಾಗ ಅವರಿಗೆ ಮೈ ಸರಿಯಿರಲಿಲ್ಲ. ಇನ್ನೊಮ್ಮೆ ಹಾಡುತ್ತೀರಾ ಎಂದು ಜೇ-ಝೀ ಸಂಕೋಚದಿಂದ ಕೇಳಬೇಕಾಯಿತು. ನಾವೀಗ ಕೇಳುವುದು ಎರಡನೆಯ ಸಲದ ದನಿ.

ಕ್ವೀನ್ಸ್ ಕನ್ನಡತಿ:

ಕಪ್ಪು ಮೂರು ಸರ್ ಹೇಳಿದ್ದಕ್ಕೆ ಬೀದಿಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. 2009ರಲ್ಲಿ ನಾನು ಮದುವೆಯಾಗಿ ಇಲ್ಲಿಗೆ, ನ್ಯೂಯಾರ್ಕ್ ನಗರದ ಕ್ವೀನ್ಸ್‌ಗೆ, ಬಂದು ಎರಡನೆಯ ಚಳಿಗಾಲ. ಈ ಹಾಡಿರುವ ಜೇ-ಝೀ ಆಲ್ಬಂ ‘ದಿ ಬ್ಲೂಪ್ರಿಂಟ್ 3’ ಸೆಪ್ಟೆಂಬರ್ 8ರಂದು ಬಂದಿತ್ತು, ಹಾಡು ಬಿಡಿಯಾಗಿ ಬಂದದ್ದು ಅಕ್ಟೋಬರ್ 20ರಂದು. ಆ ತಿಂಗಳೇ ನ್ಯೂಯಾರ್ಕಿನ ಯಾಂಕೀಸ್ ತಂಡ ಬೇಸ್‌ಬಾಲಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿತ್ತು. ಅಕ್ಟೋಬರ್ 29ರ ಎರಡನೆಯ ಪಂದ್ಯಕ್ಕೆ ಮುಂಚೆ ಇಬ್ಬರೂ ಯಾಂಕೀ ಕ್ರೀಡಾಂಗಣದಲ್ಲಿ ಇದನ್ನು ಹಾಡಿದರು. ನಮ್ಮ ಯಜಮಾನರಿಗೆ ಬೇಸ್‌ಬಾಲ್ ಎಂದರೆ ಅಷ್ಟಕ್ಕಷ್ಟೆ, ಕ್ರಿಕೆಟ್ ಅಲ್ಲದ್ದು ಆಟವೇ ಅಲ್ಲ ಎನ್ನುವವರು. ಅವರೂ ಆ ರಾತ್ರಿ ಟೀವಿ ಆರಿಸಲಿಲ್ಲ. ಯಾಂಕೀಸ್ ಗೆದ್ದಿತು. ನವೆಂಬರ್ 6ರ ಮೆರವಣಿಗೆಯ ನಂತರ ಸಿಟಿ ಹಾಲ್ ಮುಂದೆಯೂ ಜೇ-ಝೀ ಇದನ್ನೇ ಹಾಡಿದರು.

ಅದಾದ ಮೇಲೆ ಔಷಧಿ ಅಂಗಡಿ, ಲಾಂಡ್ರಿ, ಟ್ಯಾಕ್ಸಿ, ಎಲ್ಲಿ ಹೋದರೂ ಇದೇ. ನವೆಂಬರ್ 28ರ ಬಿಲ್‌ಬೋರ್ಡ್ ಪಟ್ಟಿಯಲ್ಲಿ (ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ) ಮೊದಲ ಸ್ಥಾನಕ್ಕೇರಿ ಐದು ವಾರ ಕೂತಿತು. ಅಷ್ಟು ವರ್ಷ ಹಾಡಿದ್ದರೂ ಮುಖ್ಯ ಗಾಯಕರಾಗಿ ಜೇ-ಝೀಗೆ ಅದು ಮೊದಲ ‘ನಂಬರ್ ಒನ್’ ಎಂದು ಕೇಳಿ ಆಗ ನಂಬಿರಲಿಲ್ಲ.

ಸ್ಟೇಟ್ ಸ್ಟ್ರೀಟ್‌ನ ಆ ಕಟ್ಟಡದ ಮುಂದೆ ಎಷ್ಟೋ ಸಲ ಓಡಾಡಿದ್ದೇನೆ, ಯಾವ ಗುರುತಿನ ಹಲಗೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅಲ್ಲಿಂದ ಬಾರ್ಕ್ಲೇಸ್ ಸೆಂಟರ್‌ಗೆ ಕೆಲವೇ ನಿಮಿಷದ ನಡಿಗೆ. 2012ರ ಸೆಪ್ಟೆಂಬರ್‌ನಲ್ಲಿ ಆ ಕ್ರೀಡಾಂಗಣ ತೆರೆದಾಗ ಮೊದಲ ಸಂಗೀತ ಕಛೇರಿ ಮಾಡಿದವರು ಜೇ-ಝೀ. ಹಳೆಯ ಮನೆಯ ಕಿಟಕಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ನನ್ನ ಮಟ್ಟಿಗೆ ಹಾಡಿನಲ್ಲಿ ಒಂದು ಕೊರತೆ ಇದೆ: ಕ್ವೀನ್ಸ್‌ಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಬ್ರೂಕ್ಲಿನ್‌ನವರು ಬರೆದರೆ ಹೀಗೆಯೇ.

ನಿವೃತ್ತ ಇಂಗ್ಲಿಷ್ ಮೇಷ್ಟ್ರು:

ಹಾಡಿನ ಇತಿಹಾಸ ಚೆನ್ನಾಗಿದೆ. ಪಲ್ಲವಿಯ ವ್ಯಾಕರಣ ಯಾರ ಜವಾಬ್ದಾರಿ? ‘ಕಾಂಕ್ರೀಟ್ ಜಂಗಲ್ ವೇರ್ ಡ್ರೀಮ್ಸ್ ಆರ್ ಮೇಡ್ ಆಫ್’ (ಕನಸುಗಳು ಆಗುವ ಕಾಂಕ್ರೀಟ್ ಕಾಡು) ಎಂಬ ಆ ಸಾಲಿನಲ್ಲಿ ‘ವೇರ್’ ಎಂದು ಶುರುಮಾಡಿ ‘ಆಫ್’ ಎಂದು ಮುಗಿಸಿದ್ದಾರೆ. ಎರಡರಲ್ಲಿ ಒಂದು ಸಾಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದೇ ನಾಮಪದಕ್ಕೆ ಸಪ್ತಮಿಯನ್ನೂ ತೃತೀಯೆಯನ್ನೂ ಒಟ್ಟಿಗೆ ಹಚ್ಚಿದ ಹಾಗೆ: ‘ಕಾಡಿನಲ್ಲಿಯಿಂದ ಕನಸು ಕಟ್ಟಿದರು’. ಎಂಟನೆಯ ತರಗತಿಯ ಉತ್ತರ ಪತ್ರಿಕೆಯಲ್ಲಿ ಇದು ಬಂದಿದ್ದರೆ ಕೆಂಪು ಶಾಯಿ ಖಂಡಿತ. ಷೇಕ್ಸ್‌ಪಿಯರ್ ‘ಟೆಂಪೆಸ್ಟ್’ ನಾಟಕದಲ್ಲಿ ಕನಸು ಯಾವುದರಿಂದ ಆಗಿದೆ ಎಂಬ ಮಾತನ್ನು ‘ಆನ್’ ಹಾಕಿ ಮುಗಿಸಿದ್ದಾನೆ, ಆದರೆ ‘ವೇರ್’ ಹಾಕಿಲ್ಲ.

ಕಪ್ಪು ಮೂರು:

ಮೇಷ್ಟ್ರೇ, ನಮಸ್ಕಾರ. ತಪ್ಪು ತಪ್ಪೇ, ವಕಾಲತ್ತು ವಹಿಸುವುದಿಲ್ಲ. ಆದರೆ ಆ ‘ಆಫ್’ ತೆಗೆದು ಒಮ್ಮೆ ಹಾಡಿ ನೋಡಿ. ಸಾಲಿನ ಕೊನೆಯ ಪೆಟ್ಟಿಗೆ ಒಂದು ಅಕ್ಷರ ಕಡಿಮೆ ಬಿದ್ದು ಕಾಲು ಜಾರುತ್ತದೆ. ನಮ್ಮ ಆರ್ಕೆಸ್ಟ್ರಾದ ಹಾಡುಗಾರರೂ ಉಸಿರು ಸಾಲದ ಜಾಗದಲ್ಲಿ ವಿಭಕ್ತಿ ನುಂಗುತ್ತಿದ್ದರು, ಉಸಿರು ಉಳಿದ ಜಾಗದಲ್ಲಿ ಇಲ್ಲದ್ದನ್ನು ಸೇರಿಸುತ್ತಿದ್ದರು. ಕೇಳುವವರು ಚಪ್ಪಾಳೆ ನಿಲ್ಲಿಸಲಿಲ್ಲ. ಅಮೆರಿಕದವರು ಕೂಡ 2011ರಲ್ಲಿ ಇದಕ್ಕೆ ಎರಡು ಗ್ರ್ಯಾಮಿ ಸಂಗೀತ ಪ್ರಶಸ್ತಿ ಕೊಟ್ಟರು, ಅದರಲ್ಲೊಂದು ಅತ್ಯುತ್ತಮ ರ‍್ಯಾಪ್ ರಚನೆಗೆ!

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಮಗಳಿಗೆ ಓದಿ ಹೇಳಿದೆ. ಅರ್ಧ ಗೆಲುವನ್ನು ಅವಳು ಪೂರ್ತಿ ಎಂದೇ ಲೆಕ್ಕ ಹಿಡಿದಿದ್ದಾಳೆ. ಕಪ್ಪು ಮೂರು ಅವರೇ, ಒಂದು ಕೊನೆಯ ಉಪಕಾರ: ‘ನ್ಯೂಯಾರ್ಕ್’ ಎಂದು ಎಳೆಯುವ ಜಾಗದಲ್ಲಿ ಅವಳ ಗಂಟಲು ಕಟ್ಟುತ್ತದೆ. ಏನು ಮಾಡಬಹುದು?

ಕಪ್ಪು ಮೂರು:

ಅವಳ ತಪ್ಪಲ್ಲ, ಹಾಡು ಇರುವುದೇ ನನ್ನ ಶ್ರುತಿಯಲ್ಲಿ, ಕಪ್ಪು ಮೂರರಲ್ಲಿ, ಅಂದರೆ ಮೂರನೆಯ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡ ಶ್ರುತಿಯಲ್ಲಿ. ಕೀಬೋರ್ಡಿನ ಐದೂ ಕಪ್ಪು ಮನೆಗಳು ಅದಕ್ಕೆ ಬೇಕು; 2011ರಲ್ಲಿ ನನಗೆ ಮೂರು ರಾತ್ರಿ ಹಿಡಿದದ್ದು ಸುಮ್ಮನೆ ಅಲ್ಲ. ನಮ್ಮ ಹಾಡುಗಾರ್ತಿಗೂ ಅಲ್ಲೇ ಕಷ್ಟವಾಗಿ ಬಿಳಿ ಮೂರಕ್ಕೆ ಇಳಿಸಿದ್ದೆವು. ಮಗಳ ಟ್ರ್ಯಾಕನ್ನೂ ಎರಡು ಮನೆ ಇಳಿಸಿ. ಮೊಬೈಲಿನಲ್ಲೇ ಆಗುತ್ತದೆ, ವೇಗ ಮಾತ್ರ ಬದಲಾಗದಂತೆ ನೋಡಿಕೊಳ್ಳಿ. ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಪಲ್ಲವಿ ಕೂಗಿಸಬೇಡಿ, ಕಾರ್ಯಕ್ರಮದ ಹಿಂದಿನ ದಿನ ಬಾಯಿ ಮುಚ್ಚಿಕೊಂಡಿರಲಿ. ರ‍್ಯಾಪ್ ಮಾಡುವ ಹುಡುಗನಿಗೆ ಶ್ರುತಿ ಇಳಿಸಿದ್ದು ಹೇಳುವುದೇ ಬೇಡ, ಅವನಿಗೆ ತಾಳ ಸಾಕು.