ಲಾಕ್ ಎಂದರೆ ಬೀಗವೋ, ಟವೆಲ್ಲೋ?

ಗೆಳೆಯರೇ,

ತುಮಕೂರಿನ ಒಂದು ಕಾಲೇಜಿನ ಕಂಪ್ಯೂಟರ್ ಕೊಠಡಿಯ ಗೋಡೆಗೆ ಅಂಟಿಸಲು ಅರ್ಧ ಪುಟದ ಸೂಚನೆಯೊಂದನ್ನು ಕನ್ನಡದಲ್ಲಿ ಬರೆದುಕೊಡಲು ಒಪ್ಪಿಕೊಂಡೆ. 'ಲಾಕ್' ಎಂಬ ಒಂದೇ ಇಂಗ್ಲಿಷ್ ಪದಕ್ಕೆ ಸಿಕ್ಕಿಕೊಂಡು ಮೂರು ದಿನವಾಯಿತು.

ಅಲ್ಲಿರುವುದೆಲ್ಲ ವಿಂಡೋಸ್ ಬದಲು ಲಿನಕ್ಸ್ ಓಡುವ ಯಂತ್ರಗಳು. ವಿದ್ಯಾರ್ಥಿಗಳ ಕಡತಗಳು ಒಂದು ಸರ್ವರ್‌ನಲ್ಲಿ ಇರುತ್ತವೆ. ಯಾವ ಯಂತ್ರದ ಮುಂದೆ ಕುಳಿತರೂ ಅವರವರ ಕಡತಗಳೇ ತೆರೆದುಕೊಳ್ಳುತ್ತವೆ. ಮೊನ್ನೆ ಕರೆಂಟು ಹೋಗಿ ಬಂತು. ಹುಡುಗಿಯೊಬ್ಬಳು ತನ್ನ ಯಂತ್ರ ಏಳಲಿಲ್ಲವೆಂದು ಪಕ್ಕದ್ದಕ್ಕೆ ಹೋಗಿ ಫೈರ್‌ಫಾಕ್ಸ್ ಎಂಬ ಬ್ರೌಸರನ್ನು ಒತ್ತಿದಳು. ಅದು ತೆರೆಯಲಿಲ್ಲ, ಇಂಗ್ಲಿಷಿನಲ್ಲಿ ಒಂದು ಸಂದೇಶ ಕೊಟ್ಟಿತು. ನಾನು ಓದಿ ಹೇಳಿದೆ: 'ಫೈರ್‌ಫಾಕ್ಸ್ ಈಗಾಗಲೇ ಚಾಲನೆಯಲ್ಲಿದೆ, ಆದರೆ ಪ್ರತಿಕ್ರಿಯಿಸುತ್ತಿಲ್ಲ.' ಅವಳು, 'ಎಲ್ಲಿ ಸಾರ್? ನಾನಿನ್ನೂ ತೆರೆದೇ ಇಲ್ಲವಲ್ಲ' ಎಂದಳು. (ಚಾಲನೆ ಎಂಬ ಪದ ಸಚಿವರು ದೀಪ ಹಚ್ಚಿ ಕೊಡುವ ವಸ್ತುವಾಗಿಬಿಟ್ಟಿದೆ, ಅದರ ತಕರಾರು ಇನ್ನೊಂದು ದಿನಕ್ಕಿರಲಿ.) 'ನಿನ್ನ ಪ್ರೊಫೈಲಿಗೆ ಬೀಗ ಬಿದ್ದಿದೆ' ಎಂದೆ. (ಪ್ರೊಫೈಲ್ ಎಂದರೆ ಫೈರ್‌ಫಾಕ್ಸ್ ಅವಳ ಪುಟಗುರುತು, ಇತಿಹಾಸಗಳನ್ನು ಇಟ್ಟುಕೊಳ್ಳುವ ಜಾಗ.) 'ಹಾಗಾದರೆ ಪಾಸ್‌ವರ್ಡ್ ಏನು?' ಎಂದು ಕೇಳಿದಳು.

ಅವಳದು ತಪ್ಪಲ್ಲ. ಬೀಗ ಎಂದ ಮೇಲೆ ಕೀಲಿಕೈ ಎಲ್ಲೋ ಇರಲೇಬೇಕು. ಅದು ಯಾರದೋ ಸೊಂಟದಲ್ಲಿದೆ, ಕೇಳಿದರೆ ಸಿಗುತ್ತದೆ, ಇಲ್ಲವಾದರೆ ಒಡೆಯಬೇಕು. ಆದರೆ ಇಲ್ಲಿ ಕೀಲಿಯೂ ಇಲ್ಲ, ಒಡೆಯಲು ಏನೂ ಇಲ್ಲ. ಪ್ರೊಫೈಲ್ ಇರುವ ಮರೆಯ ಫೋಲ್ಡರಿನಲ್ಲಿ 'ಲಾಕ್' ಎಂಬ ಹೆಸರಿನ ಒಂದು ಕೊಂಡಿ, ಅಂದರೆ ಇನ್ನೊಂದು ಕಡತದ ಹೆಸರನ್ನು ಮಾತ್ರ ತೋರಿಸುವ ಗುರುತು, ಇತ್ತು, ಅಷ್ಟೇ. ಅದು ಬೊಟ್ಟು ಮಾಡಿ ತೋರಿಸುತ್ತಿದ್ದದ್ದು 192.168.1.14:3142 ಎಂಬುದನ್ನು. ಆ ಹೆಸರಿನ ಕಡತ ಜಗತ್ತಿನಲ್ಲೆಲ್ಲೂ ಇಲ್ಲ, ಇರಬೇಕಾಗಿಯೂ ಇಲ್ಲ. ಮೊದಲ ಭಾಗ ಯಂತ್ರದ ವಿಳಾಸ, ಎರಡನೆಯದು ಆ ಯಂತ್ರದಲ್ಲಿ ಓಡುತ್ತಿದ್ದ ಫೈರ್‌ಫಾಕ್ಸ್ ಪ್ರಕ್ರಿಯೆಯ ಸಂಖ್ಯೆ. 'ಈ ಜಾಗ ನನ್ನದು, ನಾನು ಇಂಥವನು, ಇಂಥಲ್ಲಿದ್ದೇನೆ' ಎಂದು ಹೇಳಿ ಹೋದಂತೆ.

ಪಾವಗಡದ ಬಸ್ಸು ತುಮಕೂರಿನ ನಿಲ್ದಾಣಕ್ಕೆ ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ತೂರಿ ಬೀಳುವ ಟವೆಲ್ಲನ್ನು ನೋಡಿದವರಿಗೆ ಇದು ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಟವೆಲ್ ಯಾರನ್ನೂ ತಡೆಯುವುದಿಲ್ಲ. ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಇಡಬಹುದು. ಆದರೂ ಮಧುಗಿರಿಯವರೆಗೆ ನಿಂತುಕೊಂಡು ಹೋಗುವವರೂ ಅದನ್ನು ಮುಟ್ಟುವುದಿಲ್ಲ, ಏಕೆಂದರೆ ನಾಳೆ ತಮ್ಮ ಟವೆಲ್ಲಿಗೂ ಅದೇ ಮರ್ಯಾದೆ ಬೇಕು. ಲಿನಕ್ಸ್‌ನಂಥ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಇಂಥ ಲಾಕ್‌ಗಳ ಬಲವೆಲ್ಲ ಈ ಮರ್ಯಾದೆಯಲ್ಲಿಯೇ ಇದೆ. ಒಪ್ಪಿದವರಿಗೆ ಮಾತ್ರ ತಡೆ.

ಹೋಲಿಕೆ ಇಲ್ಲಿಗೇ ಮುಗಿಯುವುದಿಲ್ಲ ಎಂಬುದೇ ನನ್ನನ್ನು ಮರುಳು ಮಾಡಿದ್ದು. ಫೈರ್‌ಫಾಕ್ಸ್ ಎರಡು ಬಗೆಯಲ್ಲಿ ಜಾಗ ಹಿಡಿಯುತ್ತದೆ. ಒಂದು, ಲಿನಕ್ಸಿನ ತಿರುಳಾದ ಕರ್ನಲ್ ಮೂಲಕ ಒಂದು ಕಡತವನ್ನು ಹಿಡಿದುಕೊಳ್ಳುವುದು. ಇದು ಸೀಟಿನಲ್ಲಿ ಮೈಯಾರೆ ಕುಳಿತಂತೆ: ಪ್ರಕ್ರಿಯೆ ಸತ್ತರೆ ಹಿಡಿತ ತಾನಾಗಿಯೇ ಬಿಟ್ಟುಹೋಗುತ್ತದೆ, ಸೀಟು ಖಾಲಿ. ಇನ್ನೊಂದು, ಮೇಲೆ ಹೇಳಿದ ಕೊಂಡಿ, ಅಂದರೆ ಟವೆಲ್. ಇದು ಒಡೆಯ ಸತ್ತರೂ ಬಿದ್ದೇ ಇರುತ್ತದೆ. ಮೊದಲ ಬಗೆಯ ಹಿಡಿತವೂ ಸಿಕ್ಕಿದ್ದರೆ ಕೊಂಡಿಯಲ್ಲಿ ಪ್ರಕ್ರಿಯೆಯ ಸಂಖ್ಯೆಗೆ ಮೊದಲು ಒಂದು + ಗುರುತು ಇರುತ್ತದೆ. ನಮ್ಮದರಲ್ಲಿ ಅದಿರಲಿಲ್ಲ, ಸರ್ವರ್‌ನಲ್ಲಿ ಆ ಹಿಡಿತಕ್ಕೆ ಬೇಕಾದ ಸೇವೆಯನ್ನು ಯಾರೂ ಚಾಲೂ ಮಾಡಿರಲಿಲ್ಲ. ಟವೆಲ್ಲೊಂದೇ ಸಾಕ್ಷಿ.

ಟವೆಲ್ ಕಂಡ ಕಂಡಕ್ಟರ್ ಏನು ಮಾಡುತ್ತಾರೆ? 'ಯಾರ್ರೀ ಇದು ಟವೆಲ್?' ಎಂದು ಒಂದು ಕೂಗು ಹಾಕುತ್ತಾರೆ. ಫೈರ್‌ಫಾಕ್ಸ್ ಮಾಡುವುದೂ ಅದನ್ನೇ. ಕೊಂಡಿಯಲ್ಲಿರುವುದು ಇದೇ ಯಂತ್ರದ ವಿಳಾಸವಾದರೆ ಆ ಸಂಖ್ಯೆಯ ಪ್ರಕ್ರಿಯೆಗೆ ಸೊನ್ನೆಯ ಸಂಕೇತ ಕಳುಹಿಸುತ್ತದೆ. ಓಗೊಡುವವರಿಲ್ಲದಿದ್ದರೆ ಟವೆಲ್ ಎತ್ತಿ ಬಿಸಾಡಿ ತಾನು ಕುಳಿತುಕೊಳ್ಳುತ್ತದೆ. (ಈ ಕೂಗಿಗೆ ಯುನಿಕ್ಸಿನಲ್ಲಿ ಇಟ್ಟಿರುವ ಹೆಸರು 'ಕಿಲ್'. ಕೊಲ್ಲದ ಕೊಲೆ. ಅನುವಾದಕರು 'ಕೊಲ್ಲು' ಎಂದು ಹಾಕಿದ್ದನ್ನು ಕಂಡಾಗಲೆಲ್ಲ ನನಗೆ ಈ ಸೊನ್ನೆ ನೆನಪಾಗುತ್ತದೆ.) ಆದರೆ ವಿಳಾಸ ಬೇರೆ ಯಂತ್ರದ್ದಾದರೆ? ಒಡೆಯ ಇನ್ನೊಂದು ಬಸ್ಸಿನಲ್ಲಿದ್ದಾನೆ, ಕೂಗು ಅಲ್ಲಿಗೆ ಕೇಳಿಸದು. ಆಗ ಅದು ಸುಮ್ಮನೆ ಹಿಂದೆ ಸರಿಯುತ್ತದೆ. ಅದು ಮಾಡುವುದು ಸರಿಯೇ: ಎರಡು ಫೈರ್‌ಫಾಕ್ಸ್‌ಗಳು ಒಂದೇ ಪ್ರೊಫೈಲಿನಲ್ಲಿ ಬರೆಯತೊಡಗಿದರೆ ಪುಟಗುರುತು, ಇತಿಹಾಸಗಳೆಲ್ಲ ಕೆಟ್ಟುಹೋಗಬಹುದು.

ಪರಿಹಾರ ಒಂದು ಸಾಲಿನದು. ಹಳೆಯ ಯಂತ್ರದಲ್ಲಿ ಫೈರ್‌ಫಾಕ್ಸ್ ನಿಜವಾಗಿಯೂ ಓಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ಆ ಕೊಂಡಿಯೊಂದನ್ನೇ ಅಳಿಸುವುದು. ಉಬುಂಟು ಎಂಬ ಲಿನಕ್ಸಿನಲ್ಲಿ 'ಸ್ನ್ಯಾಪ್' ಎಂಬ ಪೊಟ್ಟಣದ ರೂಪದಲ್ಲಿ ಬರುವ ಫೈರ್‌ಫಾಕ್ಸ್ ಆದರೆ ಪ್ರೊಫೈಲಿನ ಫೋಲ್ಡರು ಸ್ನ್ಯಾಪ್ ಎಂಬ ಫೋಲ್ಡರಿನ ಒಳಗಿರುತ್ತದೆ. ಹುಡುಗಿಯ ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು, ನನ್ನದು ಮುಗಿದಿಲ್ಲ.

ಮೊದಲನೆಯ ಪ್ರಶ್ನೆ. 'ಬೀಗ' ಬಿಟ್ಟು ಇದಕ್ಕೆ ಏನೆನ್ನುವುದು? ಬಸ್ಸಿನಲ್ಲಿ ನಾವು ಸೀಟು 'ಹಿಡಿಯುತ್ತೇವೆ'. ಕ್ರಿಯಾಪದಕ್ಕೆ ಅದು ಸಾಕೆನಿಸುತ್ತದೆ: ಫೈರ್‌ಫಾಕ್ಸ್ ಪ್ರೊಫೈಲನ್ನು ಹಿಡಿದಿದೆ. ನಾಮಪದಕ್ಕೆ 'ಹಿಡಿಗುರುತು' ಎಂದು ಕಟ್ಟಿ ನೋಡಿದೆ, ಗಂಟಲಿಗೆ ಇಳಿಯುತ್ತಿಲ್ಲ. 'ಟವೆಲ್' ಎಂದೇ ಬರೆದರೆ ನಗುತ್ತಾರೇನೋ, ಆದರೆ 'ಸಚಿವ ಸ್ಥಾನಕ್ಕೆ ಟವೆಲ್ ಹಾಕಿದ ಶಾಸಕ' ಎಂದು ಪತ್ರಿಕೆಗಳೇ ಬರೆಯುವಾಗ ಯಾರೂ ನಗುವುದಿಲ್ಲವಲ್ಲ.

ಎರಡನೆಯದು, ಒಡೆಯ ಸತ್ತ ಮೇಲೂ ಉಳಿದ ಲಾಕ್‌ಗೆ ಇಂಗ್ಲಿಷಿನವರು ಹಾಕುವ 'ಸ್ಟೇಲ್' ಎಂಬ ವಿಶೇಷಣ. ನಿಘಂಟು ನೋಡಿ 'ಹಳಸಿದ ಬೀಗ' ಎಂದು ಬರೆದರೆ ಚಿತ್ರಾನ್ನ ನೆನಪಾಗುತ್ತದೆ. 'ಅನಾಥ' ಕೂಡ ಬರುವುದಿಲ್ಲ. ತಾಯಿ ಪ್ರಕ್ರಿಯೆ ಸತ್ತು ತಾನು ಬದುಕಿರುವ ಪ್ರಕ್ರಿಯೆಗೆ ಆ ಹೆಸರು ಬೇಕು. ಇಲ್ಲಿ ಸತ್ತವನು ಒಡೆಯ, ಉಳಿದದ್ದು ವಸ್ತು. ಇದಕ್ಕೆ ಹೇಳಿಮಾಡಿಸಿದ ಪದ ನಮ್ಮಲ್ಲಿದೆ: ಬೇವಾರಸು. ವಾರಸುದಾರರಿಲ್ಲದ್ದು ಎಂಬುದಷ್ಟೇ ಅದರ ಅರ್ಥ. ಅದು ಬೈಗುಳವಾಗಿ ಕೆಟ್ಟಿದೆ, ಕಾಲೇಜಿನ ಗೋಡೆಯ ಮೇಲೆ ಬರೆಯುವಂತಿಲ್ಲ. 'ವಾರಸುದಾರರಿಲ್ಲದ' ಎಂದರೆ ಅರ್ಥ ಸರಿ, ಆದರೆ ಪೊಲೀಸ್ ಪ್ರಕಟಣೆಯ ಧಾಟಿ ಬಂದುಬಿಡುತ್ತದೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆಯುತ್ತದೆಯೇ?

ಮೂರನೆಯದು ಗೋಡೆಯ ಸೂಚನೆಗಲ್ಲ, ನನ್ನ ಕುತೂಹಲಕ್ಕೆ. ನಮ್ಮಜ್ಜಿ ಹುಣಸೆಮರದ ಫಸಲಿಗೆ 'ಸಂಚಕಾರ ಇಸಿದುಕೊಂಡಿದ್ದೇನೆ' ಎನ್ನುತ್ತಿದ್ದರು. ಮುಂಗಡವಾಗಿ ಬಂದ ಸಣ್ಣ ಮೊತ್ತ. ಆಮೇಲೆ ಬೇರೆ ಸಾಬರು ಬಂದರೂ ಶೆಟ್ಟರು ಬಂದರೂ ಆ ಮರಗಳನ್ನು ಕೇಳುವಂತಿರಲಿಲ್ಲ. ವಸ್ತು ಇನ್ನೂ ಕೈಗೆ ಬಂದಿಲ್ಲ, ಆದರೆ ಹಕ್ಕು ನನ್ನದು ಎಂಬುದಕ್ಕೆ ಗುರುತು. ಲಾಕ್‌ಗೆ ಇಷ್ಟು ಹತ್ತಿರದ ಹಳೆಯ ಪದ ಇನ್ನೊಂದು ನನಗೆ ಕಂಡಿಲ್ಲ. ಆದರೆ ಇವತ್ತು ಪತ್ರಿಕೆಯಲ್ಲಿ ಸಂಚಕಾರ ಬರುವುದು 'ಜೀವಕ್ಕೆ ಸಂಚಕಾರ' ಎಂದೇ. ಮುಂಗಡ ಹಣ ಅಪಾಯವಾದದ್ದು ಯಾವ ದಾರಿಯಲ್ಲಿ? ತುಮಕೂರಿನ ಹುಣಸೆ ಮಂಡಿಯಲ್ಲೋ ತಿಪಟೂರಿನ ಕೊಬ್ಬರಿ ವ್ಯಾಪಾರದಲ್ಲೋ ಹಳೆಯ ಅರ್ಥದಲ್ಲಿ ಅದನ್ನು ಈಗಲೂ ಆಡುವವರು ಇದ್ದಾರೆಯೇ? ಕೇಳಿದವರಿದ್ದರೆ ಯಾವ ವಾಕ್ಯದಲ್ಲಿ ಕೇಳಿದಿರಿ ಎಂಬುದನ್ನೂ ದಯವಿಟ್ಟು ಬರೆಯಿರಿ.