ರಿಕ್ವೈರ್‌ಮೆಂಟನ್ನು ಡಿಸೈನ್ ಮಾಡೆಲ್‌ನ ಯಾವ ಭಾಗಕ್ಕೆ ಲಿಂಕ್ ಮಾಡಬೇಕು?

ಗಂಗಾವತಿ ಹುಡುಗಿ:
ನಮಸ್ಕಾರ. ತುಂಗಭದ್ರಾ ಎಡದಂಡೆ ಕಾಲುವೆಯ ಗೇಜ್ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ಮಾಡುತ್ತಿದ್ದೇವೆ. ರಿಕ್ವೈರ್‌ಮೆಂಟ್‌ಗಳು, ಅಂದರೆ ಸಿಸ್ಟಮ್ ಏನು ಮಾಡಬೇಕು ಅನ್ನೋ ಸಾಲುಗಳು, ಎಕ್ಸೆಲ್‌ನಲ್ಲಿವೆ. ಡಿಸೈನ್ ಸಿಸ್‌ಎಂಎಲ್‌ನಲ್ಲಿದೆ (ಸಿಸ್ಟಮ್‌ನ ಭಾಗಗಳನ್ನು ಬ್ಲಾಕ್‌ಗಳಾಗಿ ತೋರಿಸುವ ಮಾಡೆಲಿಂಗ್ ಭಾಷೆ). ಒಂದು ಸಾಲು ಹೀಗಿದೆ: "ಮೈಲ್ 69ರ ಗೇಜ್‌ನಲ್ಲಿ ನೀರು ನಿಗದಿಗಿಂತ ಇಳಿದರೆ 10 ನಿಮಿಷದೊಳಗೆ ಎಂಜಿನಿಯರ್‌ಗೆ ಎಸ್‌ಎಂಎಸ್ ಹೋಗಬೇಕು." ಇದನ್ನು ಎಸ್‌ಎಂಎಸ್ ಬ್ಲಾಕ್‌ಗೆ ಲಿಂಕ್ ಮಾಡಲಾ, ಸೆನ್ಸರ್ ಓದುವ ಬ್ಲಾಕ್‌ಗಾ? ಎಲ್ಲಕ್ಕೂ ಗೆರೆ ಎಳೆದರೆ ಡಯಾಗ್ರಾಂ ಓದಲಿಕ್ಕೇ ಆಗಲ್ಲ. ಮಾನ್ವಿ ಕಡೆಯ ಕೊನೆ ಭಾಗದ ರೈತರ ಭತ್ತ ಇಂಥ ಸಾಲಿನ ಮೇಲೆ ನಿಂತಿದೆ. ನಾಳೆ ಆ ಮಿತಿ ಬದಲಾದರೆ ಡಿಸೈನ್‌ನಲ್ಲಿ ಎಲ್ಲಿ ಕೈ ಹಾಕಬೇಕು ಅಂತ ಕೂಡಲೇ ಗೊತ್ತಾಗಬೇಕು.

ರಾಯಚೂರು ಮಾಡೆಲರ್:
ಮೊದಲು ಆ ಸಾಲನ್ನು ಒಡೆಯಿರಿ, ಮೇಡಂ. ಅದರಲ್ಲಿ ಮೂರು ಕೆಲಸ ಇವೆ. ಮಟ್ಟ ಓದುವುದು, ನಿಗದಿ ಜೊತೆ ಹೋಲಿಸುವುದು, ಸುದ್ದಿ ಮುಟ್ಟಿಸುವುದು. ಮೂರಕ್ಕೂ ಒಂದೊಂದು ಮರಿ ರಿಕ್ವೈರ್‌ಮೆಂಟ್ ಬರೆದು, ಮೂಲಕ್ಕೆ ಡಿರೈವ್ ಲಿಂಕ್ (ಇದು ಅದರಿಂದ ಹುಟ್ಟಿದ್ದು ಅನ್ನೋ ಲಿಂಕ್) ಕೊಡಿ. ಆ 10 ನಿಮಿಷವನ್ನೂ ಹಂಚಿ: ಓದಲು 5, ಹೋಲಿಸಲು 1, ಕಳಿಸಲು 4. ಆಮೇಲೆ ನೋಡಿ, ಒಂದೊಂದು ಮರಿಗೂ ಹೊಣೆ ಹೊರುವ ಬ್ಲಾಕ್ ತಾನಾಗೇ ಸಿಗುತ್ತದೆ. ಅಲ್ಲಿ ಸ್ಯಾಟಿಸ್‌ಫೈ ಲಿಂಕ್ (ಈ ರಿಕ್ವೈರ್‌ಮೆಂಟನ್ನು ಈ ಬ್ಲಾಕ್ ಪೂರೈಸುತ್ತದೆ ಅನ್ನೋ ಲಿಂಕ್) ಹಾಕಿ. ಬಾಣ ಬ್ಲಾಕ್‌ನಿಂದ ರಿಕ್ವೈರ್‌ಮೆಂಟ್ ಕಡೆಗೆ ಹೋಗಬೇಕು, ಇದು ಸುಮಾರು ಕಡೆ ಉಲ್ಟಾ ಆಗಿರುತ್ತದೆ.

ಗೆರೆಗಳನ್ನು ಡಯಾಗ್ರಾಂನಲ್ಲಿ ತೋರಿಸಲೇಬೇಡಿ. ಲಿಂಕ್ ಮಾಡೆಲ್‌ನಲ್ಲಿ ಇದ್ದರೆ ಸಾಕು. ನಿಮ್ಮ ಮಾಡೆಲಿಂಗ್ ಟೂಲ್ ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಆಗಿದ್ದರೆ ಅದರಲ್ಲಿ ರಿಲೇಶನ್‌ಶಿಪ್ ಮ್ಯಾಟ್ರಿಕ್ಸ್ ತೆಗೆಯಿರಿ, ಯಾವುದು ಯಾವುದಕ್ಕೆ ಲಿಂಕ್ ಆಗಿದೆ ಅಂತ ಕೋಷ್ಟಕದಲ್ಲಿ ಕಾಣುತ್ತದೆ. ರಿಕ್ವೈರ್‌ಮೆಂಟ್ ಎದುರು ಖಾಲಿ ಇದ್ದರೆ ಅದನ್ನು ಯಾರೂ ಕೈಗೆತ್ತಿಕೊಂಡಿಲ್ಲ. ಬ್ಲಾಕ್ ಎದುರು ಖಾಲಿ ಇದ್ದರೆ ಯಾರೂ ಕೇಳದ್ದನ್ನು ಕಟ್ಟಿದ್ದೀರಿ, ಇಲ್ಲಾ ಒಂದು ರಿಕ್ವೈರ್‌ಮೆಂಟ್ ಬರೆಯದೇ ಉಳಿದಿದೆ. ನನಗೆ ಬ್ಲಾಕ್ ಎದುರಿನ ಈ ಖಾಲಿ ಜಾಗವೇ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಬಳ್ಳಾರಿ ಟೆಸ್ಟರ್:
ಎಕ್ಸೆಲ್ ಸಾಲಿನ ನಂಬರನ್ನೇ ಐಡಿ ಮಾಡಬೇಡಿ. ನಡುವೆ ಒಂದು ಸಾಲು ಸೇರಿತು ಅಂದರೆ ಕೆಳಗಿನ ಲಿಂಕ್‌ಗಳೆಲ್ಲ ಬೇರೆಯದಕ್ಕೆ ಬೆರಳು ತೋರಿಸುತ್ತವೆ. ತೆಗೆದುಹಾಕಿದ ಐಡಿಯನ್ನೂ ಮತ್ತೆ ಬಳಸಬಾರದು.

ಗಂಗಾವತಿ ಹುಡುಗಿ:
ಒಡೆಯುವ ದಾರಿ ಹೊಳೆದೇ ಇರಲಿಲ್ಲ ಅಣ್ಣ, ಇವತ್ತೇ ಮಾಡುತ್ತೇನೆ. ಆದರೆ "ಕರೆಂಟ್ ಹೋದರೂ ರೀಡಿಂಗ್ ಕಳೆದುಹೋಗಬಾರದು" ಅನ್ನೋದು ಯಾವ ಒಂದು ಬ್ಲಾಕ್‌ಗೂ ಕೂರುತ್ತಿಲ್ಲ.

ರಾಯಚೂರು ಮಾಡೆಲರ್:
ಅದನ್ನೂ ಒಡೆಯಬಹುದು. ಬ್ಯಾಟರಿಗೆ ಒಂದು, ಗೇಜ್ ಹತ್ತಿರದ ಮೆಮೊರಿಗೆ ಒಂದು. ಮೂಲ ಸಾಲಿಗೆ ಮಾತ್ರ ವೆರಿಫೈ ಲಿಂಕ್‌ನಿಂದ ಒಂದು ಟೆಸ್ಟ್ ಕಟ್ಟಿ: ಪವರ್ ತೆಗೆದು, ಮತ್ತೆ ಹಾಕಿ, ರೀಡಿಂಗ್ ಎಣಿಸುವುದು. ಬಿಡಿ ಭಾಗಗಳೆಲ್ಲ ಪಾಸಾಗಿ ಒಟ್ಟು ಕೆಲಸ ಫೇಲಾಗುವುದು ಇಂಥ ಕಡೆಯೇ.

ಬಳ್ಳಾರಿ ಟೆಸ್ಟರ್:
ಮಿತಿ ಬದಲಾಗುವ ವಿಚಾರ ಹಾಗೇ ಉಳಿಯಿತು. ರಿಕ್ವೈರ್‌ಮೆಂಟ್‌ಗಳನ್ನು ಇಡುವ ಡೋರ್ಸ್‌ನಂಥ ಟೂಲ್‌ನಲ್ಲಿ ರಿಕ್ವೈರ್‌ಮೆಂಟ್ ತಿದ್ದಿದರೆ ಅದರ ಲಿಂಕ್‌ಗಳನ್ನು ಸಸ್ಪೆಕ್ಟ್ (ಮತ್ತೆ ನೋಡಬೇಕಾದದ್ದು) ಅಂತ ಗುರುತು ಮಾಡಿಸಬಹುದು. ನಿಮ್ಮದು ಎಕ್ಸೆಲ್ ಅಲ್ವಾ, ಪ್ರತಿ ಲಿಂಕ್‌ನಲ್ಲೂ ರಿಕ್ವೈರ್‌ಮೆಂಟ್‌ನ ವರ್ಷನ್ ನಂಬರ್ ಬರೆದಿಡಿ. ಸಾಲಿನಲ್ಲಿ 3, ಲಿಂಕ್‌ನಲ್ಲಿ ಇನ್ನೂ 2 ಅಂತ ಇದ್ದರೆ ಆ ಬ್ಲಾಕನ್ನು ಯಾರೋ ಕೂತು ನೋಡಬೇಕು. ನೋಡದೆ ಸುಮ್ನೆ 3 ಅಂತ ತಿದ್ದಲು ಬಿಡಬೇಡಿ.